ಟಾಕ್‌ಬ್ಯಾಕ್ ಸುಮ್ಮನಾದರೆ ಮೊದಲು ಏನು ನೋಡಬೇಕು?

ಟಾಕ್‌ಬ್ಯಾಕ್ ಅಂದರೆ ಕಣ್ಣು ಕಾಣದವರಿಗಾಗಿ ಆಂಡ್ರಾಯ್ಡ್ ಫೋನಿನ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್. ಅದನ್ನು ನಂಬಿಕೊಂಡು ಫೋನ್ ಬಳಸುವವರಿಗೆ ಫೋನ್ ಮಾತು ನಿಲ್ಲಿಸಿತು ಅಂದರೆ ಕೈಕಾಲು ಕಟ್ಟಿಹಾಕಿದ ಹಾಗೆ ಆಗುತ್ತದೆ. ಆಗ ಹೆಚ್ಚಿನವರು ಸಿಕ್ಕ ಸಿಕ್ಕ ಬಟನ್ ಒತ್ತುತ್ತಾರೆ. ಇಲ್ಲವೇ ಹತ್ತಿರದ ಮೊಬೈಲ್ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ‘ರೀಸೆಟ್ ಹೊಡೆದ್ರೆ ಸರಿ ಹೋಗುತ್ತೆ ಬಿಡಿ’ ಅನ್ನುತ್ತಾರೆ. ಸರಿ ಹೋಗಬಹುದು. ಆದರೆ ಡೌನ್‌ಲೋಡ್ ಮಾಡಿಕೊಂಡ ಕನ್ನಡ ಧ್ವನಿ, ಬಟನ್‌ಗಳಿಗೆ ನೀವು ಕೊಟ್ಟ ಹೆಸರು, ಬ್ಯಾಂಕ್ ಆ್ಯಪ್‌ನ ನೋಂದಣಿ ಎಲ್ಲವೂ ಅದರ ಜೊತೆಗೇ ಅಳಿಸಿಹೋಗುತ್ತವೆ. ವಾಲ್ಯೂಮ್ ಕಡಿಮೆಯಾಗಿದ್ದಕ್ಕೆ ರೀಸೆಟ್ ಮಾಡಿಸಿಕೊಂಡವರೂ ಇದ್ದಾರೆ.

ಮಾತು ನಿಮ್ಮ ಕಿವಿಗೆ ತಲುಪುವ ಮುಂಚೆ ಹಲವು ಕಡೆ ಹಾದು ಬರುತ್ತದೆ. ಪರದೆಯ ಮೇಲೆ ಏನಿದೆ ಅಂತ ಮೊದಲು ಆ್ಯಪ್ ತಿಳಿಸಬೇಕು. ಅದನ್ನು ಟಾಕ್‌ಬ್ಯಾಕ್ ಪಡೆಯಬೇಕು. ಟಾಕ್‌ಬ್ಯಾಕ್‌ಗೆ ಸ್ವಂತ ಧ್ವನಿ ಇಲ್ಲ. ಅದು ಅಕ್ಷರಗಳನ್ನು ಟಿಟಿಎಸ್ (ಟೆಕ್ಸ್ಟ್ ಟು ಸ್ಪೀಚ್) ಎಂಜಿನ್ ಅನ್ನುವ, ಅಕ್ಷರವನ್ನು ಮಾತಾಗಿಸುವ ಬೇರೆ ಆ್ಯಪ್‌ಗೆ ಕೊಡುತ್ತದೆ. ಆ ಎಂಜಿನ್ ಬಳಿ ಕನ್ನಡದ ಧ್ವನಿ ಇರಬೇಕು. ಆಮೇಲೆ ವಾಲ್ಯೂಮ್, ಕೊನೆಗೆ ಸ್ಪೀಕರ್ ಅಥವಾ ಇಯರ್‌ಫೋನ್. ಇದರಲ್ಲಿ ಯಾವುದು ಕೈಕೊಟ್ಟರೂ ನಿಮಗೆ ಗೊತ್ತಾಗುವುದು ಒಂದೇ: ಫೋನ್ ಮಾತಾಡುತ್ತಿಲ್ಲ. ಹಾಗಾಗಿ ರಿಪೇರಿಗೆ ಕೈ ಹಾಕುವ ಮುಂಚೆ ಮಾತು ಎಲ್ಲಿ ನಿಂತಿದೆ ಅಂತ ಪತ್ತೆ ಮಾಡಿ. ಅದಕ್ಕೆ ಕಣ್ಣು ಬೇಕಾಗಿಲ್ಲ, ಬೆರಳು ಸಾಕು.

ಬೆರಳಾಡಿಸಿ ನೋಡಿ

ಪವರ್ ಬಟನ್ ಒತ್ತಿ ಪರದೆ ಎಬ್ಬಿಸಿ. ಒಂದು ಬೆರಳನ್ನು ಪರದೆಯ ಮೇಲೆ ನಿಧಾನವಾಗಿ ಆಡಿಸಿ. ಟಾಕ್‌ಬ್ಯಾಕ್ ಚಾಲೂ ಇದ್ದರೆ ಬೆರಳು ಒಂದು ಐಕಾನ್‌ನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಎರಡು ಸುಳಿವು ಸಿಗುತ್ತವೆ. ಕೈಗೆ ಸಣ್ಣ ನಡುಕ, ಕಿವಿಗೆ ಸಣ್ಣ ‘ಟಿಕ್’. ಮಾತು ಬರುತ್ತಿರುವಾಗ ಇವನ್ನು ಯಾರೂ ಗಮನಿಸುವುದಿಲ್ಲ. ಮಾತು ನಿಂತಾಗ ದಾರಿ ತೋರಿಸುವುದು ಇವೇ.

ನಡುಕವೂ ಇದೆ, ಟಿಕ್ ಕೂಡ ಕೇಳುತ್ತಿದೆ, ಮಾತು ಮಾತ್ರ ಇಲ್ಲ ಅಂದರೆ ಟಾಕ್‌ಬ್ಯಾಕ್ ಕೆಲಸ ಮಾಡುತ್ತಿದೆ, ವಾಲ್ಯೂಮ್ ಇದೆ, ಸ್ಪೀಕರ್ ಚೆನ್ನಾಗಿದೆ ಎಂದರ್ಥ. ತೊಂದರೆ ಟಿಟಿಎಸ್ ಎಂಜಿನ್‌ನಲ್ಲಿ. ನಡುಕ ಇದೆ, ಟಿಕ್ ಇಲ್ಲ ಅಂದರೆ ಸದ್ದು ತೀರಾ ಸಣ್ಣದಾಗಿದೆ, ಇಲ್ಲವೇ ಬೇರೆಲ್ಲಿಗೋ ಹೋಗುತ್ತಿದೆ. ಎರಡೂ ಇಲ್ಲ ಅಂದರೆ ಟಾಕ್‌ಬ್ಯಾಕ್ ಆಫ್ ಆಗಿದೆ ಅಥವಾ ಫೋನೇ ಸಿಕ್ಕಿಹಾಕಿಕೊಂಡಿದೆ. ಇನ್ನೊಂದು ಫೋನಿನಿಂದ ಕರೆ ಮಾಡಿಸಿ. ರಿಂಗ್ ಆದರೆ ಫೋನ್ ಬದುಕಿದೆ, ಟಾಕ್‌ಬ್ಯಾಕ್ ಮಾತ್ರ ಹೋಗಿದೆ.

ಈ ಪರೀಕ್ಷೆ ಫಲ ಕೊಡಬೇಕಾದರೆ ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಕಂಪನ ಮತ್ತು ಸದ್ದು ಎರಡೂ ಆನ್ ಇರಬೇಕು. ಬ್ಯಾಟರಿ ಉಳಿಯಲಿ ಅಂತ ಹಲವರು ಕಂಪನ ತೆಗೆದಿಡುತ್ತಾರೆ. ನನ್ನ ಕೇಳಿದರೆ ಅದು ಬೇಡ. ಉಳಿಯುವ ಬ್ಯಾಟರಿ ಅಷ್ಟರಲ್ಲೇ ಇದೆ, ಕಷ್ಟಕ್ಕೆ ಆಗುವುದು ಆ ನಡುಕವೇ.

ಟಿಕ್ ಇಲ್ಲ, ನಡುಕವೂ ಇಲ್ಲ

ಎರಡೂ ವಾಲ್ಯೂಮ್ ಬಟನ್‌ಗಳನ್ನು ಒಟ್ಟಿಗೆ 3 ಸೆಕೆಂಡ್ ಒತ್ತಿ ಹಿಡಿಯಿರಿ. ಶಾರ್ಟ್‌ಕಟ್ ಹೊಂದಿಸಿಟ್ಟಿದ್ದರೆ ಟಾಕ್‌ಬ್ಯಾಕ್ ಮತ್ತೆ ಆನ್ ಆಗುತ್ತದೆ. ಆಫ್ ಆಗಿದ್ದಕ್ಕೂ ಬಹಳ ಸಲ ಇದೇ ಶಾರ್ಟ್‌ಕಟ್ ಕಾರಣ. ಬಿಗಿ ಪ್ಯಾಂಟಿನ ಜೇಬಿನಲ್ಲೋ ತುಂಬಿದ ವ್ಯಾನಿಟಿ ಬ್ಯಾಗಿನಲ್ಲೋ ಎರಡೂ ಬಟನ್ ಒತ್ತಿಕೊಂಡರೆ ಸಾಕು, ಟಾಕ್‌ಬ್ಯಾಕ್ ಆಫ್. ಬಸ್ಸಿನಿಂದ ಇಳಿದ ಮೇಲೆ ಫೋನ್ ಮೂಕಾಗಿದೆ ಅನ್ನುವವರನ್ನು ಮೊದಲು ಕೇಳಬೇಕಾದ್ದೇ ಇದು.

ಶಾರ್ಟ್‌ಕಟ್ ಕೆಲಸ ಮಾಡದಿದ್ದರೆ ಗೂಗಲ್ ಅಸಿಸ್ಟೆಂಟ್‌ಗೆ ‘ಹೇ ಗೂಗಲ್, ಟರ್ನ್ ಆನ್ ಟಾಕ್‌ಬ್ಯಾಕ್’ ಅಂತ ಹೇಳಿ ನೋಡಿ. ಅದಕ್ಕೂ ಓಗೊಡದಿದ್ದರೆ ಫೋನ್ ರೀಸ್ಟಾರ್ಟ್ ಮಾಡಬೇಕು. ಪವರ್ ಬಟನ್ ಒಂದನ್ನೇ 30 ಸೆಕೆಂಡ್‌ವರೆಗೆ ಒತ್ತಿ ಹಿಡಿದರೆ ಕೆಲವು ಫೋನ್‌ಗಳು ರೀಸ್ಟಾರ್ಟ್ ಆಗುತ್ತವೆ. ಇನ್ನು ಕೆಲವಕ್ಕೆ ಪವರ್ ಜೊತೆ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಕೂಡ ಹಿಡಿಯಬೇಕು. ನಿಮ್ಮ ಫೋನಿನದು ಯಾವುದು ಅಂತ ಚೆನ್ನಾಗಿರುವಾಗಲೇ ತಿಳಿದುಕೊಂಡಿರಿ.

ಟಾಕ್‌ಬ್ಯಾಕ್ ದಿನಕ್ಕೊಮ್ಮೆ ತಾನಾಗೇ ಆಫ್ ಆಗುತ್ತಿದೆಯಾ? ಹಾಗಾದರೆ ಅದು ಜೇಬಿನ ತಪ್ಪಲ್ಲ. ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ಕಂಪನಿಗಳ ಫೋನ್‌ಗಳು ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ‘ಆಂಡ್ರಾಯ್ಡ್ ಆ್ಯಕ್ಸೆಸಿಬಿಲಿಟಿ ಸೂಟ್’ ಹುಡುಕಿ. ಟಾಕ್‌ಬ್ಯಾಕ್ ಇರುವುದು ಈ ಹೆಸರಿನ ಒಳಗೆ. ಅದರ ಬ್ಯಾಟರಿ ಭಾಗದಲ್ಲಿ ನಿರ್ಬಂಧ ತೆಗೆದುಹಾಕಿ. ನೀವು ಬಳಸುವ ಟಿಟಿಎಸ್ ಎಂಜಿನ್‌ಗೂ ಹಾಗೇ ಮಾಡಿ. ‘ಕ್ಲೀನರ್’, ‘ಬೂಸ್ಟರ್’ ಅನ್ನುವ ಆ್ಯಪ್‌ಗಳಿದ್ದರೆ ಕಿತ್ತುಹಾಕಿ. ಅವುಗಳಿಂದ ಲಾಭ ಆಗಿದ್ದು ನಾನಂತೂ ನೋಡಿಲ್ಲ.

ನಡುಕ ಇದೆ, ಸದ್ದಿಲ್ಲ

ಟಾಕ್‌ಬ್ಯಾಕ್‌ನ ವಾಲ್ಯೂಮ್ ಬೇರೆ, ಹಾಡಿನ ವಾಲ್ಯೂಮ್ ಬೇರೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಹೀಗಿದೆ. ಅನುಕೂಲವೇ, ಹಾಡು ಸಣ್ಣ ಮಾಡಿದರೆ ಮಾತು ಸಣ್ಣ ಆಗುವುದಿಲ್ಲ. ಆದರೆ ಟಾಕ್‌ಬ್ಯಾಕ್ ಮಾತಾಡುತ್ತಿರುವಾಗ ವಾಲ್ಯೂಮ್ ಬಟನ್ ಒತ್ತಿದರೆ ಮಾತ್ರ ಅದರ ವಾಲ್ಯೂಮ್ ಬದಲಾಗುತ್ತದೆ. ಸುಮ್ಮನಿದ್ದಾಗ ಒತ್ತಿದರೆ ಬದಲಾಗುವುದು ರಿಂಗ್‌ಟೋನೋ ಹಾಡಿನದೋ. ಎಷ್ಟು ಒತ್ತಿದರೂ ಮಾತು ಜಾಸ್ತಿ ಆಗಲಿಲ್ಲ ಅಂತ ಗೋಳಾಡುವವರು ಸಿಕ್ಕಿಬೀಳುವುದು ಇಲ್ಲೇ.

ಮಾತೇ ಕೇಳಿಸದಿದ್ದರೆ ಅದು ಮಾತಾಡುತ್ತಿದೆ ಅಂತ ತಿಳಿಯುವುದು ಹೇಗೆ? ಒಂದು ಕೈಯ ಬೆರಳನ್ನು ಪರದೆಯ ಮೇಲೆ ಬಿಡದೆ ಆಡಿಸುತ್ತಿರಿ. ನಡುಕ ಬರುತ್ತಿರುವಾಗಲೇ ಇನ್ನೊಂದು ಕೈಯಿಂದ ವಾಲ್ಯೂಮ್ ಹೆಚ್ಚಿಸುವ ಬಟನ್ ಒತ್ತುತ್ತಾ ಹೋಗಿ. ಕೇಳದ ಮಾತು ನಿಧಾನಕ್ಕೆ ಮೇಲೇಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಬ್ಲೂಟೂತ್ ಮೇಲೆ ಅನುಮಾನ ಪಡಿ. ಪರಿಚಯದ ಹುಡುಗನೊಬ್ಬ ತನ್ನ ಅಮ್ಮನ ಫೋನಿನಿಂದ ಕರೆ ಮಾಡಿದ್ದ.

“ಅಣ್ಣ, ನನ್ನ ಫೋನ್ ಹೋಯ್ತು. ಏನೂ ಮಾತಾಡ್ತಿಲ್ಲ.”

“ಬೆರಳಾಡಿಸು. ಕೈಗೆ ನಡುಕ ಗೊತ್ತಾಗುತ್ತಾ?”

“ಹ್ಞೂಂ, ಬರ್ರ್ ಅಂತಿದೆ.”

“ಟಿಕ್ ಅಂತ ಸದ್ದು?”

“ಇಲ್ಲ.”

“ಬ್ಲೂಟೂತ್ ಸ್ಪೀಕರ್ ಏನಾದ್ರೂ ಇದೆಯೇನೋ ಮನೇಲಿ?”

ಅವನು ಉತ್ತರ ಕೊಡುವಷ್ಟರಲ್ಲಿ ಹಿಂದಿನಿಂದ ಅವನ ಅಕ್ಕನ ದನಿ ಕೇಳಿಸಿತು: “ಏ, ಅಡುಗೆಮನೆ ಸ್ಪೀಕರ್ ಕ್ಯಾಮೆರಾ, ಗ್ಯಾಲರಿ, ವಾಟ್ಸ್ಆ್ಯಪ್ ಅಂತ ಬಡಬಡಿಸ್ತಿದೆ ಕಣೋ!”

ಮನೆಯಲ್ಲಿ ಸ್ಪೀಕರ್ ಇಲ್ಲದಿದ್ದರೂ ಚೀಲದಲ್ಲಿರುವ ಇಯರ್‌ಬಡ್, ಕಾರಿನ ಸ್ಟೀರಿಯೊ ಹೀಗೇ ಮಾತು ಎಳೆದುಕೊಳ್ಳುತ್ತವೆ. ಆ ಸಾಧನ ಆಫ್ ಮಾಡಿದರೆ ಮಾತು ಫೋನಿಗೆ ವಾಪಸ್ ಬರುತ್ತದೆ. ವೈರ್ ಇಯರ್‌ಫೋನ್ ಬಳಸುವವರು ಅದನ್ನು ಒಮ್ಮೆ ಚುಚ್ಚಿ ತೆಗೆಯಿರಿ. ಜ್ಯಾಕ್‌ನಲ್ಲಿ ಧೂಳು ಕೂತರೆ ಇಯರ್‌ಫೋನ್ ಇನ್ನೂ ಅಲ್ಲೇ ಇದೆ ಅಂತ ಫೋನ್ ಅಂದುಕೊಳ್ಳುತ್ತದೆ.

ಮಾತು ಅರ್ಧಕ್ಕೇ ಕಡಿಯುತ್ತಿದ್ದರೆ ಇನ್ನೊಂದು ಕಾರಣ ಇರಬಹುದು. ಟಾಕ್‌ಬ್ಯಾಕ್‌ನ ಹಳೆಯ ಆವೃತ್ತಿಗಳಲ್ಲಿ ಫೋನಿನ ಮೇಲ್ತುದಿಯ ಪ್ರಾಕ್ಸಿಮಿಟಿ ಸೆನ್ಸರ್‌ಗೆ ಕೈ ಅಡ್ಡ ಹಿಡಿದರೆ ಮಾತು ನಿಲ್ಲುವ ಏರ್ಪಾಡು ಇತ್ತು. ಕಳಪೆ ಸ್ಕ್ರೀನ್ ಗಾರ್ಡ್ ಆ ಸೆನ್ಸರ್ ಮೇಲೆ ಕೂತರೆ ಯಾರೋ ಕೈ ಹಿಡಿದೇ ಇದ್ದಾರೆ ಅಂತ ಫೋನ್ ತಿಳಿಯುತ್ತದೆ. ಹೊಸ ಫೋನ್‌ಗಳಲ್ಲೂ ಈ ಗಾರ್ಡ್ ಕಾಟ ತಪ್ಪಿಲ್ಲ. ಕರೆಯ ನಡುವೆ ಫೋನನ್ನು ಕಿವಿಯಿಂದ ತೆಗೆದರೂ ಪರದೆ ಎಚ್ಚರ ಆಗುವುದಿಲ್ಲ, ಕರೆ ಕಡಿಯಲು ಆಗುವುದಿಲ್ಲ. ಗಾರ್ಡ್ ಬದಲಿಸಿ ನೋಡಿ.

ಟಿಕ್ ಇದೆ, ಮಾತಿಲ್ಲ

ಈಗ ಎಂಜಿನ್ ಸರದಿ. ಹೆಚ್ಚಿನ ಫೋನ್‌ಗಳಲ್ಲಿ ಇರುವುದು ಗೂಗಲ್‌ನ ಸ್ಪೀಚ್ ಎಂಜಿನ್. ಅದು ಪ್ಲೇ ಸ್ಟೋರ್‌ನಿಂದ ತಾನೇ ಅಪ್‌ಡೇಟ್ ಆಗುತ್ತಿರುತ್ತದೆ. ಅಪ್‌ಡೇಟ್ ಅರ್ಧಕ್ಕೆ ನಿಂತರೆ, ಫೋನಿನಲ್ಲಿ ಜಾಗ ತುಂಬಿದರೆ, ಧ್ವನಿಯ ಫೈಲ್ ಕೆಟ್ಟರೆ ಅದು ಬಾಯಿ ಮುಚ್ಚುತ್ತದೆ. ಮೊದಲು ಸುಮ್ನೆ ಒಮ್ಮೆ ರೀಸ್ಟಾರ್ಟ್ ಮಾಡಿ. ಬಹಳ ಸಲ ಅಷ್ಟಕ್ಕೇ ಸರಿಯಾಗುತ್ತದೆ.

ಕೆಲವೊಮ್ಮೆ ಮಾತು ಪೂರ್ತಿ ನಿಲ್ಲುವುದಿಲ್ಲ, ಧ್ವನಿ ಬದಲಾಗುತ್ತದೆ. ನಿನ್ನೆವರೆಗೆ ಹೆಂಗಸಿನ ಧ್ವನಿ ಇತ್ತು, ಇವತ್ತು ಯಾರೋ ಬೇರೆಯವರು. ಗಾಬರಿ ಬೇಡ. ನೀವು ಆರಿಸಿದ ಎಂಜಿನ್ ಪದೇ ಪದೇ ಬಿದ್ದಾಗ ಟಾಕ್‌ಬ್ಯಾಕ್ ಫೋನಿನಲ್ಲಿರುವ ಇನ್ನೊಂದು ಎಂಜಿನ್ ಹಿಡಿದುಕೊಳ್ಳುತ್ತದೆ. ಆ ಇನ್ನೊಂದು ಇದ್ದರೆ ತಾನೇ ಹಿಡಿದುಕೊಳ್ಳುವುದು? ಅದಕ್ಕೇ ಫೋನಿನಲ್ಲಿ ಯಾವಾಗಲೂ ಎರಡು ಎಂಜಿನ್ ಇರಲಿ ಅನ್ನುತ್ತೇನೆ. ಎರಡನೆಯದಕ್ಕೆ ಇಸ್ಪೀಕ್ ಎನ್‌ಜಿ ಒಳ್ಳೆಯದು. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸಿದವರಿಗೆ ಈ ಧ್ವನಿ ಗೊತ್ತೇ ಇರುತ್ತದೆ. ಉಚಿತ, ಗಾತ್ರ ಚಿಕ್ಕದು, ಕನ್ನಡವೂ ಬರುತ್ತದೆ. ಕಿವಿಗೆ ಇಂಪಾಗಿಲ್ಲ, ತಗಡು ಬಡಿದ ಹಾಗೆ ಕೇಳುತ್ತದೆ, ಒಪ್ಪಿಕೊಳ್ಳೋಣ. ಆದರೆ ಇಂಟರ್‌ನೆಟ್ ಕೇಳುವುದಿಲ್ಲ, ಜಾಸ್ತಿ ಜಾಗ ಕೇಳುವುದಿಲ್ಲ, ಹಳೆಯ ಫೋನಿನಲ್ಲೂ ತಡವರಿಸುವುದಿಲ್ಲ.

ರೀಸ್ಟಾರ್ಟ್ ಮಾಡಿದ ಮೇಲೆ ಲಾಕ್ ಪರದೆಯಲ್ಲಿ ಮಾತ್ರ ಮಾತಿಲ್ಲ, ಪಿನ್ ಹಾಕಿದ ಮೇಲೆ ಬರುತ್ತದೆ ಅನ್ನುವುದು ಬೇರೆ ಕಥೆ. ಅದು ದೋಷವೇ ಅಲ್ಲ. ಫೋನ್ ಆನ್ ಆದಾಗ ಮೊದಲ ಸಲ ಪಿನ್ ಹಾಕುವವರೆಗೆ ಒಳಗಿನ ಹೆಚ್ಚಿನ ಮಾಹಿತಿ ಬೀಗದಲ್ಲಿರುತ್ತದೆ. ಹೊರಗಿನಿಂದ ಹಾಕಿಕೊಂಡ ಕೆಲವು ಎಂಜಿನ್‌ಗಳಿಗೆ ಆ ಹಂತದಲ್ಲಿ ತಮ್ಮ ಫೈಲುಗಳೇ ಸಿಗುವುದಿಲ್ಲ. ಆ ಹೊತ್ತಿಗೆ ಬೆರಳಚ್ಚೂ ನಡೆಯುವುದಿಲ್ಲ, ಪಿನ್ನೇ ಬೇಕು. ಮಾತಿಲ್ಲದೆ ಪಿನ್ ಹಾಕುವುದು ಅಂದರೆ ನಡುಕ ಎಣಿಸಿಕೊಂಡು ಹಾಕಬೇಕು. ಹೊಸ ಎಂಜಿನ್ ಹಾಕಿಕೊಂಡ ದಿನವೇ, ಮನೆಯಲ್ಲಿರುವಾಗಲೇ, ಒಮ್ಮೆ ಬೇಕೆಂದೇ ರೀಸ್ಟಾರ್ಟ್ ಮಾಡಿ ನೋಡಿಬಿಡಿ. ಲಾಕ್ ಪರದೆಯಲ್ಲಿ ಮೂಕಾದರೆ ಗೂಗಲ್‌ನ ಎಂಜಿನ್‌ಗೇ ವಾಪಸ್ ಹೋಗುವುದು ವಾಸಿ.

ಇಂಗ್ಲಿಷ್ ಓದುತ್ತದೆ, ಕನ್ನಡ ಓದುವುದಿಲ್ಲ

ಇದು ನಮ್ಮವರಿಗೇ ವಿಶೇಷವಾಗಿ ಕಾಡುವ ತೊಂದರೆ. ಮೆನುಗಳನ್ನೆಲ್ಲ ಓದುತ್ತದೆ. ಕನ್ನಡದ ಮೆಸೇಜ್ ಬಂದರೆ ಹೆಸರು, ಸಮಯ ಹೇಳಿ ಸುಮ್ಮನಾಗುತ್ತದೆ. ಬಹುತೇಕ ಕನ್ನಡದ ಧ್ವನಿ ಇಳಿದಿಲ್ಲ ಅಥವಾ ಎಂಜಿನ್ ಇಂಗ್ಲಿಷಿಗೆ ಮಾತ್ರ ಹೊಂದಿಕೊಂಡಿದೆ.

ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಅಲ್ಲಿ ‘ಟೆಕ್ಸ್ಟ್ ಟು ಸ್ಪೀಚ್ ಔಟ್‌ಪುಟ್’ ತೆರೆಯಿರಿ. ಕೆಲವು ಫೋನ್‌ಗಳಲ್ಲಿ ಇದು ಭಾಷೆಗಳ ಸೆಟ್ಟಿಂಗ್ಸ್ ಒಳಗೆ ಅಡಗಿರುತ್ತದೆ. ಎಂಜಿನ್ ಹೆಸರಿನ ಪಕ್ಕದ ಸೆಟ್ಟಿಂಗ್ಸ್ ಬಟನ್ ಒತ್ತಿ, ‘ಇನ್‌ಸ್ಟಾಲ್ ವಾಯ್ಸ್ ಡೇಟಾ’ಗೆ ಹೋಗಿ ಕನ್ನಡ ಆರಿಸಿ. ವೈಫೈ ಇದ್ದಾಗ ಇಳಿಸಿಕೊಳ್ಳಿ. ಹಿಂದಕ್ಕೆ ಬಂದು ಮಾದರಿ ಓದಿಸುವ ‘ಪ್ಲೇ’ ಬಟನ್ ಒತ್ತಿ. ಅಲ್ಲಿ ಕನ್ನಡ ಕೇಳಿಸಿದರೆ ಎಂಜಿನ್ ಸರಿ ಇದೆ. ಟಾಕ್‌ಬ್ಯಾಕ್‌ನಲ್ಲಿ ಇನ್ನೂ ಬರದಿದ್ದರೆ ಟಾಕ್‌ಬ್ಯಾಕ್ ಮೆನು ತೆರೆದು ಮಾತಿನ ಭಾಷೆ ಬದಲಿಸಿ. ಮೆನು ತೆರೆಯಲು ಹೊಸ ಫೋನ್‌ಗಳಲ್ಲಿ ಮೂರು ಬೆರಳಿನಿಂದ ಒಮ್ಮೆ ತಟ್ಟಬೇಕು. ಹಳೆಯದರಲ್ಲಿ ಒಂದೇ ಬೆರಳನ್ನು ಕೆಳಕ್ಕೆಳೆದು ಬಿಡದೆ ಬಲಕ್ಕೆ ತಿರುಗಿಸಬೇಕು. ಫೋನ್ ಕಂಪನಿಯದೇ ಬೇರೆ ಎಂಜಿನ್ ಇದ್ದು ಅದರ ಪಟ್ಟಿಯಲ್ಲಿ ಕನ್ನಡವೇ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್‌ನದನ್ನು ಪ್ಲೇ ಸ್ಟೋರ್‌ನಿಂದ ಹಾಕಿಕೊಂಡು ಅದನ್ನೇ ಆರಿಸಿ.

ಐಫೋನ್‌ನ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ಗೆ ಕನ್ನಡ ಧ್ವನಿ ಬಂದಿದ್ದು ಐಒಎಸ್ 16ರಿಂದ. ಅದಕ್ಕಿಂತ ಹಳೆಯದರಲ್ಲಿ ಹುಡುಕಿ ಪ್ರಯೋಜನ ಇಲ್ಲ. ಐಫೋನ್ ಪೂರ್ತಿ ಸುಮ್ಮನಾದರೆ ಮೂರು ಬೆರಳಿನಿಂದ ಎರಡು ಸಲ ತಟ್ಟಿ. ಮಾತು ನಿಲ್ಲಿಸುವುದಕ್ಕೂ ಶುರು ಮಾಡುವುದಕ್ಕೂ ಅದೇ ಸನ್ನೆ. ಗೊತ್ತಿಲ್ಲದೆ ತಟ್ಟಿದವರೇ ಜಾಸ್ತಿ.

ಇನ್ನು ಪಿಡಿಎಫ್ ವಿಚಾರ. ‘ಫೋನ್ ಕನ್ನಡ ತಪ್ಪು ತಪ್ಪಾಗಿ ಓದುತ್ತಿದೆ’ ಅಂತ ಬರುವ ದೂರುಗಳಲ್ಲಿ ಫೋನಿನ ತಪ್ಪು ಏನೂ ಇಲ್ಲದಿರುವುದು ಇಲ್ಲೇ. ಸುತ್ತೋಲೆಯೋ ಪ್ರಶ್ನೆಪತ್ರಿಕೆಯೋ ಬರುತ್ತದೆ. ಪಕ್ಕದವರಿಗೆ ತೋರಿಸಿದರೆ ‘ಚೆನ್ನಾಗೇ ಇದೆಯಲ್ಲ, ಕನ್ನಡದಲ್ಲೇ ಇದೆ’ ಅನ್ನುತ್ತಾರೆ. ಟಾಕ್‌ಬ್ಯಾಕ್ ಮಾತ್ರ ‘ಪಿ, ಎ, ಪೌಂಡ್, ಕ್ಯೂ’ ಅಂತೇನೋ ಒದರುತ್ತದೆ. ಇಬ್ಬರೂ ಸರಿಯೇ. ಆ ಕಡತ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದೆ.

‘ಕನ್ನಡ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಅಂಥ ಕಡತದ ಒಳಗೆ ಕ, ನ, ಡ ಅನ್ನುವ ಅಕ್ಷರಗಳೇ ಇರುವುದಿಲ್ಲ. ಅಲ್ಲಿರುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದಕ್ಷರ, ಸಣ್ಣ ಕ್ಯೂ, ಮತ್ತೆ ಎ. ಇವಕ್ಕೆ ಕನ್ನಡದ ವೇಷ ಹಾಕುವುದು ಫಾಂಟ್. ಕಣ್ಣಿಗೆ ವೇಷ ಕಾಣುತ್ತದೆ, ಟಾಕ್‌ಬ್ಯಾಕ್‌ಗೆ ಒಳಗಿರುವುದೇ ಸಿಗುತ್ತದೆ. ‘ಬರಹ’ ಅನ್ನುವ ಇನ್ನೊಂದು ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲೂ ಇದೇ ಪಾಡು. ಕಡತದೊಳಗೆ ಕನ್ನಡ ಅಕ್ಷರಗಳನ್ನೇ ಇಡುವ ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಈ ತಾಪತ್ರಯ ಇಲ್ಲ.

ಪರೀಕ್ಷೆ ಸುಲಭ. ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಟೈಪ್ ಮಾಡಿ ಕಳಿಸಿದ ಒಂದು ಸಾಲು ಕನ್ನಡ ಓದಿಸಿ. ಅದು ಸರಿ ಬಂದು, ಪಿಡಿಎಫ್ ಮಾತ್ರ ಕೆಟ್ಟರೆ ಎಂಜಿನ್ ಮುಟ್ಟಲೇಬೇಡಿ. ಕಳಿಸಿದವರಿಂದ ಮೂಲ ವರ್ಡ್ ಕಡತ ಕೇಳಿ, ಕಂಪ್ಯೂಟರಿನಲ್ಲಿ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಬದಲಾಯಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಪಿಡಿಎಫ್ ಏನೂ ಓದದೆ ಬರೀ ಪುಟದ ಸಂಖ್ಯೆ ಹೇಳಿದರೆ ಅದು ಸ್ಕ್ಯಾನ್ ಮಾಡಿದ ಫೋಟೊ. ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಿಂದ ಅಕ್ಷರ ಎತ್ತಿಕೊಡುತ್ತದೆ. ಕನ್ನಡಕ್ಕೂ ನಡೆಯುತ್ತದೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತದೆ, ಅರ್ಥಕ್ಕೆ ತೊಂದರೆ ಇಲ್ಲ. ನುಡಿಯ ಪಿಡಿಎಫ್‌ನ ಮೂಲ ಸಿಗದಿದ್ದಾಗಲೂ ಅದರ ಪುಟಗಳನ್ನು ಚಿತ್ರ ಮಾಡಿ ಇದೇ ದಾರಿ ಹಿಡಿಯಬಹುದು. ಬೆಳಗಾದರೆ ಬರುವ ಶುಭೋದಯದ ಚಿತ್ರಗಳನ್ನು ಓದಿಸುವ ಗೋಜಿಗೆ ಹೋಗಬೇಡಿ. ನಷ್ಟ ಏನೂ ಇಲ್ಲ.

ಒಂದು ಆ್ಯಪ್‌ನಲ್ಲಿ ಮಾತ್ರ ತೊಂದರೆ

ಎಲ್ಲ ಕಡೆ ಮಾತಾಡುವ ಫೋನ್ ಒಂದು ಆ್ಯಪ್‌ನಲ್ಲಿ ‘ಅನ್‌ಲೇಬಲ್ಡ್, ಬಟನ್’ ಅಂತ ಗೊಣಗಿದರೆ ತಪ್ಪು ಆ ಆ್ಯಪ್ ಮಾಡಿದವರದು. ಬಟನ್‌ಗೆ ಚಿತ್ರ ಹಾಕಿದ್ದಾರೆ, ಹೆಸರು ಬರೆದಿಲ್ಲ. ಸದ್ಯಕ್ಕೆ ಬಟನ್ ಮೇಲೆ ಫೋಕಸ್ ಇಟ್ಟು ಟಾಕ್‌ಬ್ಯಾಕ್ ಮೆನುವಿನಲ್ಲಿ ಲೇಬಲ್ ಸೇರಿಸುವ ಆಯ್ಕೆ ಹುಡುಕಿ, ನಿಮ್ಮದೇ ಹೆಸರು ಕೊಡಿ. ಆ ಆಯ್ಕೆ ಕಾಣಿಸದಿದ್ದರೆ ಆ್ಯಪ್‌ನವರು ಬಟನ್‌ಗೆ ಒಳಗಿನ ಗುರುತನ್ನೂ ಕೊಟ್ಟಿಲ್ಲ, ಅಲ್ಲಿ ಲೇಬಲ್ ಅಂಟುವುದಿಲ್ಲ. ಆ್ಯಪ್ ಅಪ್‌ಡೇಟ್ ಆದಾಗ ಕೊಟ್ಟ ಹೆಸರು ಹೋಗುವುದೂ ಉಂಟು.

ಬ್ಯಾಂಕ್ ಆ್ಯಪ್‌ಗಳದು ಇನ್ನೊಂದು ರಗಳೆ. ಕೆಲವು ತೆರೆಯುತ್ತಲೇ ‘ಅಪಾಯಕಾರಿ ಆ್ಯಪ್ ಚಾಲೂ ಇದೆ’ ಅಂತ ಹೇಳಿ ಮುಚ್ಚಿಕೊಳ್ಳುತ್ತವೆ. ಕಳ್ಳ ಆ್ಯಪ್‌ಗಳು ಆ್ಯಕ್ಸೆಸಿಬಿಲಿಟಿ ಅನುಮತಿ ಪಡೆದು ಪರದೆ ಓದಿ ಹಣ ಹೊಡೆಯುತ್ತವೆ ಅನ್ನುವುದು ನಿಜ. ಅದಕ್ಕೆ ಬ್ಯಾಂಕಿನವರು ಅಂಥ ಅನುಮತಿ ಇರುವ ಆ್ಯಪ್‌ಗಳನ್ನು ಅನುಮಾನದಿಂದ ನೋಡುತ್ತಾರೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಟಾಕ್‌ಬ್ಯಾಕ್ ಬಿಟ್ಟು ಇನ್ನೇನು ಆನ್ ಇದೆ ನೋಡಿ. ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಕೊಂಡ ಬೇರೆ ಸ್ಕ್ರೀನ್ ರೀಡರ್ ಇದ್ದರೆ ಅದನ್ನು ಆಫ್ ಮಾಡಿ, ಟಾಕ್‌ಬ್ಯಾಕ್‌ನಲ್ಲಿ ಪ್ರಯತ್ನಿಸಿ. ಅಂಥ ಸ್ಕ್ರೀನ್ ರೀಡರ್ ಆಂಡ್ರಾಯ್ಡ್ 13ರಿಂದ ಈಚೆಗೆ ಆನ್ ಆಗುವುದೇ ಕಷ್ಟ. ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಅಂತ ಬರುತ್ತದೆ. ಆ ಆ್ಯಪ್‌ನ ಮಾಹಿತಿ ಪುಟದಲ್ಲಿ ಮೇಲಿನ ಮೂರು ಚುಕ್ಕಿ ಮೆನುವಿನಿಂದ ಅನುಮತಿ ಕೊಡಬೇಕು. ಆ್ಯಪ್ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಮಾತ್ರ ಕೊಡಿ. ಟಾಕ್‌ಬ್ಯಾಕ್ ಆಫ್ ಮಾಡಿ, ಅಂಗಡಿಯವನ ಕೈಗೆ ಫೋನ್ ಕೊಟ್ಟು, ಯುಪಿಐ ಪಿನ್ ಬಾಯಲ್ಲಿ ಹೇಳುವ ಪದ್ಧತಿ ಮಾತ್ರ ಬೇಡವೇ ಬೇಡ.

ಕೆವೈಸಿಗಾಗಿ, ಅಂದರೆ ಗ್ರಾಹಕರ ಗುರುತು ಖಚಿತಪಡಿಸಲು, ಸೆಲ್ಫಿ ತೆಗೆಯುವಾಗ ‘ಕಣ್ಣು ಮಿಟುಕಿಸಿ’ ಅಂತ ಹೇಳಿ ಅಲ್ಲೇ ನಿಂತುಬಿಡುವ ಆ್ಯಪ್‌ಗೆ ಫೋನಿನಲ್ಲಿ ಔಷಧಿ ಇಲ್ಲ. ಇದೇ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2025ರ ಏಪ್ರಿಲ್ 30ರಂದು ಕೋರ್ಟ್, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಡಿಜಿಟಲ್ ಕೆವೈಸಿಯನ್ನು ದೃಷ್ಟಿ ಇಲ್ಲದವರೂ ಮಾಡುವಂತೆ ಬದಲಿಸಲು 20 ನಿರ್ದೇಶನ ಕೊಟ್ಟಿತು. ಬ್ಯಾಂಕಿಗೆ ದೂರು ಬರೆಯುವಾಗ ಈ ತೀರ್ಪನ್ನೂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ, ಆ್ಯಪ್‌ಗಳು ಹೇಗಿರಬೇಕು ಅಂತ ಹೇಳುವ ಐಎಸ್ 17802 ಅನ್ನುವ ಭಾರತೀಯ ಮಾನಕವನ್ನೂ ಹೆಸರಿಸಿ. ಸುಮ್ನೆ ‘ಆ್ಯಪ್ ಕೆಲಸ ಮಾಡುತ್ತಿಲ್ಲ’ ಅಂತ ಬರೆದರೆ ‘ಕ್ಯಾಶ್ ಕ್ಲಿಯರ್ ಮಾಡಿ’ ಅನ್ನುವ ಸಿದ್ಧ ಉತ್ತರ ಬರುತ್ತದೆ.

ದೂರಿನಲ್ಲಿ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಟಾಕ್‌ಬ್ಯಾಕ್ ಆವೃತ್ತಿ, ಆ್ಯಪ್‌ನ ಆವೃತ್ತಿ ಇರಲಿ. ಯಾವ ಪರದೆಯಲ್ಲಿ, ಎಷ್ಟನೇ ಸ್ವೈಪ್‌ಗೆ, ಟಾಕ್‌ಬ್ಯಾಕ್ ಏನು ಹೇಳಿತು ಅನ್ನುವುದನ್ನು ಅದು ಹೇಳಿದ ಮಾತಿನಲ್ಲೇ ಬರೆಯಿರಿ. ಇನ್ನೊಂದು ಫೋನಿನಲ್ಲೂ ಹಾಗೇ ಆದರೆ ಅದನ್ನೂ ಸೇರಿಸಿ. ಸಾಧ್ಯವಾದರೆ ಟಾಕ್‌ಬ್ಯಾಕ್ ಮಾತು ಕೇಳುವ ಹಾಗೆ ಇನ್ನೊಂದು ಫೋನಿನಿಂದ ವಿಡಿಯೊ ತೆಗೆಸಿ ಲಗತ್ತಿಸಿ. ಪಿನ್ ಹಾಕುವ ಪರದೆ ಬರುವ ಮುಂಚೆ ವಿಡಿಯೊ ನಿಲ್ಲಿಸಲು ಹೇಳಿ.